ಮಾಳಿಗೆಗೆ ಮಣ್ಣು ಹಾಕೋರು ಯಾರು?

ಬಹಳ ದಿನ ಆಯ್ತು ಇಲ್ಲಿ ಏನೂ ಬರೆಯದೆ. ಆಫೀಸು, ಡೆಡ್‌ಲೈನು ಅಂತ ಮಾಮೂಲಿ ನೆಪಗಳು ಇದ್ದೇ ಇವೆ. ಈ ಸಲದ ನಿಜವಾದ ಕಾರಣ ಮಾತ್ರ ಬೇರೆ. ಕಳೆದ ನಾಲ್ಕು ತಿಂಗಳಲ್ಲಿ ನಾನು ಶನಿವಾರ ಭಾನುವಾರಗಳನ್ನೆಲ್ಲ ಕಳೆದಿದ್ದು ಊರಲ್ಲಿ, ಮನೆಯ ಮಾಳಿಗೆಯ ಮೇಲೆ. ಹೌದು, ಅಕ್ಷರಶಃ ಮಾಳಿಗೆಯ ಮೇಲೆ :-)

ನಮ್ಮೂರು ಕೋಟುಮಚಗಿ. ಗದಗ ಜಿಲ್ಲೆ, ನರೇಗಲ್ಲಿನ ಹತ್ತಿರ. (ಗದಗ ಪ್ರತ್ಯೇಕ ಜಿಲ್ಲೆ ಆಗಿದ್ದು 1997ರಲ್ಲಿ, ನಾನು ಹುಟ್ಟಿದ್ದೂ ಅದೇ ವರ್ಷ. ಹಾಗಾಗಿ ಜಿಲ್ಲೆಯ ವಯಸ್ಸು ನನಗೆ ಎಂದೂ ಮರೆಯುವುದಿಲ್ಲ.) ಊರಲ್ಲಿ ನಮ್ಮದು ಹಳೆಯ ಮಣ್ಣಿನ ಮಾಳಿಗೆ ಮನೆ. ಅಪ್ಪ, ಅವ್ವ, ಆಯಿ ಮೂವರೂ ಅಲ್ಲೇ ಇರುತ್ತಾರೆ. ಆಯಿ ಅಂದರೆ ನಮ್ಮ ಕಡೆ ಅಜ್ಜಿ. ಎಂಬತ್ನಾಲ್ಕು ವರ್ಷದ ಆಯಿಯ ಹಾಸಿಗೆ ಇರುವುದು ಪಡಸಾಲೆಯ ಮೂಲೆಯಲ್ಲಿ.

ಒಂದು ರಾತ್ರಿ ಅಪ್ಪನ ಫೋನ್ ಬಂತು. "ಆಯೀ ಹಾಸಿಗಿ ಮ್ಯಾಲಿನ ಜಂತಿ ಸೀಳೇತಿ ನೋಡಪಾ. ಸದ್ದಾತು, ಎದ್ದು ನೋಡಿದ್ವಿ. ಸದ್ಯಕ್ಕ ಒಂದು ಕಂಬ ಕೊಟ್ಟು ನಿಲ್ಲಿಸೇನಿ."

ಆ ಜಂತಿ ಯಾಕೆ ಸೀಳಿತು ಅಂತ ಅಪ್ಪನಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅದನ್ನು ಕೊನೆಗೆ ಹೇಳುತ್ತೇನೆ. ಈಗಲೇ ಹೇಳಿದರೆ ನೀವು ಓದುವುದನ್ನು ನಿಲ್ಲಿಸಿ ನನಗೆ ಬೈಯಲು ಶುರು ಮಾಡುತ್ತೀರಿ.

ಮುಂದಿನ ವಾರ ಊರಿಗೆ ಹೋದಾಗ ಮನೆಯಲ್ಲಿ ಎರಡು ಪಕ್ಷ. ಒಂದು ಅಪ್ಪನದು: "ನಾವ ಮಾಡೂಣು. ನಮ್ಮಪ್ಪ ಯಾವಾಗರೆ ಆಳು ಕರೆಸಿದ್ದನೇನು?" ಇನ್ನೊಂದು ಕಾಕಾನದು: "ಈ ಮಣ್ಣಿನ ಉಸಾಬರಿ ಬ್ಯಾಡ. ಕಂತ್ರಾಟದಾರಗ ಕೊಡೂಣು, ಎಲ್ಲಾ ಕೆಡವಿ ಸ್ಲ್ಯಾಬ್ ಹಾಕ್ಕೊಟ್ಟು ಹೋಗ್ತಾನ." ಓದಿದವನು ಅಂತ ತೀರ್ಪು ಹೇಳಲು ನನ್ನನ್ನು ನಡುವೆ ಕೂಡಿಸಿದರು. ನಾನು ಓದಿದ್ದು ಕಂಪ್ಯೂಟರ್ ಸೈನ್ಸ್. ಸಿವಿಲ್ ಅಂತ ಓದಿದ್ದು ಮೊದಲ ವರ್ಷದ ಒಂದೇ ಒಂದು ಪೇಪರು, ಅದೂ ಪರೀಕ್ಷೆಯ ಹಿಂದಿನ ರಾತ್ರಿ!

ತೀರ್ಪು ಹೇಳುವ ಮೊದಲು ಸ್ವಲ್ಪ ಓದಿಕೊಳ್ಳೋಣ ಅಂತ ಹೊರಟೆ. ಹಾಗೆ ಓದಿದ್ದು, ಹಿರಿಯರಿಂದ ಕೇಳಿದ್ದು, ಮಾಳಿಗೆ ಅಗೆದಾಗ ಕಂಡದ್ದು ಎಲ್ಲ ಸೇರಿ ಈ ಬರಹ. ಇದು ಮನೆ ರಿಪೇರಿಯ ಕಥೆ ಅನ್ನುವುದಕ್ಕಿಂತ ಒಂದು ಪ್ರಶ್ನೆಯ ಇತಿಹಾಸ ಅನ್ನಬಹುದು: ತಲೆಯ ಮೇಲಿನ ಬಿಸಿಲು, ಮಳೆ ತಡೆಯುವ ಕೆಲಸ ಮನೆಯವರದೋ, ಕಸುಬಿನವರದೋ?

ಮಾಳಿಗೆ ಅಂದರೆ ಏನು?

ಮಲೆನಾಡಿನ, ಬೆಂಗಳೂರಿನ ಗೆಳೆಯರಿಗಾಗಿ ಇಷ್ಟು ಹೇಳಿಬಿಡುತ್ತೇನೆ. ನಮ್ಮ ಕಡೆಯ ಹಳೆಯ ಮನೆಗಳಿಗೆ ಇಳಿಜಾರು ಚಾವಣಿ ಇರುವುದಿಲ್ಲ, ಮೇಲ್ಭಾಗ ಚಪ್ಪಟೆ. ದಪ್ಪ ಕಂಬಗಳು, ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯಿಂದ ತೊಲೆಗೆ ಸಾಲಾಗಿ ಜಂತಿಗಳು. ಜಂತಿಗಳ ಮೇಲೆ ಒತ್ತಾಗಿ ಹಾಸಿದ ಹಲಗೆ ಅಥವಾ ಸಣ್ಣ ಕಟ್ಟಿಗೆ. ಅದರ ಮೇಲೆ ಬೇವಿನ ಸೊಪ್ಪು (ಹುಳ ಬರಬಾರದು ಅಂತ). ಅದರ ಮೇಲೆ ಹದ ಮಾಡಿದ ಮಣ್ಣು ಹಾಕಿ, ಬಡಿದು ಗಟ್ಟಿ ಮಾಡುತ್ತಾರೆ. ಸುತ್ತ ಕುಂಬಿ. ನೀರು ಹೊರಗೆ ಹೋಗಲು ಹರನಾಳಿಗೆ. ಒಳಗೆ ಬೆಳಕು ಬರಲು ನಡುವೆ ಒಂದು ಬೆಳಕಿಂಡಿ. ಮಳೆ ಬಂತೆಂದರೆ ಯಾರಾದರೊಬ್ಬರು ಮೇಲೆ ಓಡಿಹೋಗಿ ಅದನ್ನು ಮುಚ್ಚಬೇಕು. ನಮ್ಮ ಮನೆಯಲ್ಲಿ ಆ ಡ್ಯೂಟಿ ನನ್ನದಾಗಿತ್ತು.

ನಮ್ಮ ಜಿಲ್ಲೆಯ ಮಳೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ಬಿಸಿಲಿಗೆ ಕಡಿಮೆಯಿಲ್ಲ. ಇಂಥ ಸೀಮೆಗೆ ಚಪ್ಪಟೆ ಮಣ್ಣಿನ ಮಾಳಿಗೆ ಹೇಳಿ ಮಾಡಿಸಿದ್ದು. ಇದು ನಮ್ಮೊಬ್ಬರ ಜಾಣತನವೂ ಅಲ್ಲ. ತುರ್ಕಿಯ ಚತಲ್‌ಹುಯುಕ್ ಎಂಬಲ್ಲಿ ಸುಮಾರು 9000 ವರ್ಷ ಹಿಂದಿನ ಊರೊಂದು ಸಿಕ್ಕಿದೆ. ಅಲ್ಲಿಯೂ ಮರದ ತೊಲೆ, ಅದರ ಮೇಲೆ ಜೊಂಡು, ಮಣ್ಣು. ಮನೆಗಳು ಎಷ್ಟು ಒತ್ತಾಗಿದ್ದವೆಂದರೆ ಜನ ಮಾಳಿಗೆಯ ಮೇಲೆಯೇ ಓಡಾಡಿ, ಮಾಳಿಗೆಯ ಕಿಂಡಿಯಿಂದ ಏಣಿ ಹಿಡಿದು ಮನೆಯೊಳಗೆ ಇಳಿಯುತ್ತಿದ್ದರಂತೆ. ಒಳ್ಳೆಯ ಬೆಳಕಿಂಡಿ!

ನಮ್ಮೂರಿಗೂ ವಯಸ್ಸು ಕಡಿಮೆಯೇನಲ್ಲ. ಕಲ್ಯಾಣ ಚಾಳುಕ್ಯರ ಐದನೆಯ ವಿಕ್ರಮಾದಿತ್ಯನ ಕಾಲದ, 1012ನೇ ಇಸವಿಯ ಶಾಸನ ನಮ್ಮೂರಿನದು. ಅದರಲ್ಲಿ ಊರಿನ ಹೆಸರು ಉಮ್ಮಚಿಗೆ. ಇಲ್ಲಿನ ಅಗ್ರಹಾರದಲ್ಲಿ ವಿದ್ಯೆ ಹೇಳಿಕೊಡಲು ಬಿಟ್ಟ ದತ್ತಿಯ ವಿವರ ಅದರಲ್ಲಿದೆ. ಅದೇ ಕಾಲದ ಲಕ್ಕುಂಡಿಯ ಬ್ರಹ್ಮ ಜಿನಾಲಯ ಇಂದಿಗೂ ನಿಂತಿದೆ, ಕಲ್ಲಿನದು ಅಂತ. ಉಮ್ಮಚಿಗೆಯಲ್ಲಿ ಪಾಠ ಹೇಳಿದವರು, ಕೇಳಿದವರು ಮಲಗಿದ ಮನೆಗಳು ಮಾತ್ರ ಇಲ್ಲ. ಮಣ್ಣಿನ ಮನೆಗೆ ಶಾಸನ ಹಾಕಿಸುವವರು ಯಾರು? ಪ್ರತಿ ವರ್ಷ ಯಾರಾದರೂ ಮೇಲೆ ಹತ್ತಿ ಮಣ್ಣು ಹಾಕುತ್ತಿದ್ದರೆ ಮನೆ ಇರುತ್ತದೆ. ಹತ್ತುವವರು ನಿಂತರೆ ನಾಲ್ಕೈದು ಮಳೆಗಾಲದಲ್ಲಿ ಮನೆ ದಿಬ್ಬವಾಗುತ್ತದೆ.

ಶಿಶುನಾಳ ಶರೀಫರು (1819–1889) ಸೋರುವ ಮಾಳಿಗೆಯ ಮೇಲೆ ಪದ ಕಟ್ಟಿದ್ದು ನಿಮಗೆಲ್ಲ ಗೊತ್ತೇ ಇದೆ. ಅದರ ಒಳಗಿನ ಅರ್ಥ ದೊಡ್ಡದಿರಬಹುದು. ಆದರೆ ಹೊರಗಿನ ಅರ್ಥ ಧಾರವಾಡ ಸೀಮೆಯ ಪ್ರತಿಯೊಂದು ಮನೆಗೂ ಗೊತ್ತಿದ್ದದ್ದು, ಮಳೆಗಾಲದ ರಾತ್ರಿ ಪಾತ್ರೆ ಇಟ್ಟು ಗೊತ್ತಿದ್ದದ್ದು.

ಸವಳು ಮಣ್ಣಿನ ಗುಟ್ಟು

ಈಗ ಸ್ವಾರಸ್ಯದ ವಿಷಯಕ್ಕೆ ಬರೋಣ. ಕೋಟುಮಚಗಿಯ ಸುತ್ತ ಎಲ್ಲಿ ನೋಡಿದರೂ ಎರೆಮಣ್ಣು, ಕಡಲೆ ಜೋಳಕ್ಕೆ ಬಂಗಾರ. ಮಾಳಿಗೆಗೆ ಮಾತ್ರ ಅದು ಬರುವುದಿಲ್ಲ. ಒದ್ದೆಯಾದರೆ ಉಬ್ಬುತ್ತದೆ, ಒಣಗಿದರೆ ಕೈ ಹೋಗುವಷ್ಟು ಬಿರಿಯುತ್ತದೆ. ಹಾಗಾಗಿ ಮಾಳಿಗೆಯ ಮೇಲುಪದರಕ್ಕೆ ಹಿರಿಯರು ಹುಡುಕಿ ತರುತ್ತಿದ್ದದ್ದು ಸವಳು ಮಣ್ಣು. ಹೊಲಕ್ಕೆ ಶಾಪ ಅಂತ ರೈತ ಬೈಯುವ ಅದೇ ಸವಳು.

ಬೆಳೆ ಬಾರದ ಮಣ್ಣು ಮಾಳಿಗೆಗೆ ಯಾಕೆ ಒಳ್ಳೆಯದು? ಇಂಥ ಮಣ್ಣಿನಲ್ಲಿ ಸೋಡಿಯಂ ಹೆಚ್ಚು. ನೀರು ಬಿದ್ದೊಡನೆ ಜೇಡಿಯ ಕಣಗಳು ಒಂದನ್ನೊಂದು ಬಿಟ್ಟು ಚದುರಿ, ಮಣ್ಣಿನ ಸಣ್ಣ ಸಣ್ಣ ರಂಧ್ರಗಳಲ್ಲಿ ಹೋಗಿ ಕೂತುಬಿಡುತ್ತವೆ. ಮೇಲಿನ ಒಂದು ತೆಳು ಪದರ ರಾಡಿಯಾಗಿ ಮುಚ್ಚಿಕೊಳ್ಳುತ್ತದೆ, ನೀರು ಕೆಳಗಿಳಿಯದೆ ಹರನಾಳಿಗೆಯ ಕಡೆ ಹರಿದು ಹೋಗುತ್ತದೆ. ಹೊಲದಲ್ಲಿ ನೀರು ಇಂಗದಿರುವುದು ರೋಗ. ಮಾಳಿಗೆಯಲ್ಲಿ ನೀರು ಇಂಗದಿರುವುದೇ ಬೇಕಾದದ್ದು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳಬೇಕೆಂದರೆ, ಬಗ್ ಅಲ್ಲ, ಫೀಚರ್ :-)

ಈ ಮಣ್ಣಿನ ಜೊತೆ ಒಂದು ಸಮುದಾಯದ ಚರಿತ್ರೆಯೂ ಸೇರಿಕೊಂಡಿದೆ. ಉಪ್ಪಾರರು ಹಿಂದೆ ಸವಳು ಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಒಣಗಿಸಿ ಉಪ್ಪು ತೆಗೆಯುತ್ತಿದ್ದವರು. ಹೆಸರಲ್ಲೇ ಉಪ್ಪಿದೆ. ಬ್ರಿಟಿಷರು ಉಪ್ಪನ್ನು ತಮ್ಮ ಹಿಡಿತಕ್ಕೆ ತೆಗೆದುಕೊಂಡು, 1882ರ ಉಪ್ಪಿನ ಕಾಯ್ದೆಯಂಥವನ್ನು ಬಿಗಿ ಮಾಡಿದ ಮೇಲೆ ಮಣ್ಣುಪ್ಪಿನ ಕಸುಬು ಉಳಿಯಲಿಲ್ಲ. ಅವರಲ್ಲಿ ಬಹಳ ಜನ ಮನೆ ಕಟ್ಟುವ ಕೆಲಸ, ಮಣ್ಣಿನ ಕೆಲಸವನ್ನು ನೆಚ್ಚಿಕೊಂಡರು. ದಂಡಿಯ ಉಪ್ಪಿನ ಸತ್ಯಾಗ್ರಹ (1930) ನಮಗೆ ಪಠ್ಯಪುಸ್ತಕದಿಂದ ಗೊತ್ತು. ನಮ್ಮ ಓಣಿಯ ಗೌಂಡಿಗಳ ಹೆಸರಿನ ಹಿಂದೆಯೂ ಒಂದು ಉಪ್ಪಿನ ಕಥೆ ಇದೆ ಅನ್ನುವುದು ನನಗಂತೂ ಮಾಳಿಗೆ ಸೀಳುವವರೆಗೆ ಗೊತ್ತಿರಲಿಲ್ಲ.

ಹಳೆಯ ಕಾಲದಲ್ಲಿ ಕೆಲಸ ಹೇಗೆ ಹಂಚಿಕೆಯಾಗಿತ್ತು ಅಂತ ಆಯಿಯನ್ನು ಕೇಳಿದೆ. ಕಂಬ, ತೊಲೆ, ಜಂತಿ ಬಡಿಗೇರರ ಕೆಲಸ. ಸುಗ್ಗಿಯಲ್ಲಿ ಅವರಿಗೆ ಕಾಳಿನ ರೂಪದಲ್ಲಿ ಆಯ ಹೋಗುತ್ತಿತ್ತು. ಗೋಡೆ ಮತ್ತು ಮೊದಲ ಸಲದ ಮಾಳಿಗೆ ಗೌಂಡಿಗಳದ್ದು. ಆಮೇಲೆ ಪ್ರತಿ ವರ್ಷ ಮುಂಗಾರಿಗೆ ಮುಂಚೆ ಹುಲ್ಲು ಕಿತ್ತು, ಇಲಿಯ ತೂತು ಮುಚ್ಚಿ, ಸವಳು ಮಣ್ಣು ಹರಡುವುದು ಮನೆಯವರದೇ. ಅಂದರೆ ನಮ್ಮ ಮನೆಯ ಎರಡು ಪಕ್ಷಗಳ ಜಗಳಕ್ಕೆ ಹಿಂದಿನವರು ಉತ್ತರ ಕಂಡುಕೊಂಡಿದ್ದರು. ಹೊರುವ ಭಾಗ ಕಸುಬಿನವರದು, ಹೊದಿಸುವ ಭಾಗ ಮನೆಯವರದು.

ಹಾಗಾದರೆ ಎಲ್ಲ ಸರಿಯಿತ್ತಲ್ಲ, ತಪ್ಪಿದ್ದೆಲ್ಲಿ?

ಹದಿನೆಂಟು ಇಂಚು

ಸೀಳಿದ ಜಂತಿಯ ಮೇಲ್ಭಾಗದಲ್ಲಿ ಮಾಳಿಗೆಯನ್ನು ಒಂದು ಮೊಳ ಚೌಕ ಅಗೆದು ನೋಡಿದೆವು. ಸ್ಕೇಲ್ ಇಟ್ಟು ಅಳೆದೆ. ಹದಿನೆಂಟು ಇಂಚು! ಕಡಿದ ಮಣ್ಣಿನ ಬದಿಯಲ್ಲಿ ಗೆರೆಗೆರೆಯಾಗಿ ಪದರಗಳು ಕಾಣುತ್ತಿದ್ದವು. ಒಂದು ಬೂದು, ಒಂದು ಬಿಳಿಚು, ನಡುವೆ ಎಲ್ಲೋ ಒಂದು ಕೆಂಪು. ಅಪ್ಪ ಬಹಳ ಹೊತ್ತು ಅದನ್ನೇ ನೋಡುತ್ತ ನಿಂತಿದ್ದರು. ಆಮೇಲೆ ಕೆಂಪು ಗೆರೆಯ ಮೇಲೆ ಬೆರಳಿಟ್ಟು, "ಇದು ನನ್ನ ಲಗ್ನದ ವರ್ಷ. ಅವಸರದಾಗ ಗರಸು ಮಣ್ಣ ಹಾಕಿತ್ತು ನಮ್ಮಪ್ಪ" ಅಂದರು. ಉತ್ಖನನ ಮಾಡುವವರು ಹೀಗೇ ತಾನೇ ಕಾಲ ಓದುವುದು? ನಮ್ಮ ಅಜ್ಜನ ಆಯುಷ್ಯ ಆ ಹದಿನೆಂಟು ಇಂಚಿನಲ್ಲಿತ್ತು.

ಅಷ್ಟರಲ್ಲಿ ನನ್ನ ತಲೆಯಲ್ಲಿ ಲೆಕ್ಕ ಓಡತೊಡಗಿತ್ತು. ಬಡಿದು ಗಟ್ಟಿ ಮಾಡಿದ ಮಣ್ಣು ಒಂದು ಘನ ಅಡಿಗೆ ಸುಮಾರು 45 ಕಿಲೋ ತೂಗುತ್ತದೆ. ನಮ್ಮ ಪಡಸಾಲೆ 12 ಅಡಿ ಅಗಲ, 18 ಅಡಿ ಉದ್ದ, ಅಂದರೆ 216 ಚದರ ಅಡಿ. ಒಂದೂವರೆ ಅಡಿ ದಪ್ಪಕ್ಕೆ 324 ಘನ ಅಡಿ. ತೂಕ ಸುಮಾರು 14,500 ಕಿಲೋ. ಹದಿನಾಲ್ಕೂವರೆ ಟನ್! ಅದೂ ಒಣಗಿದ್ದಾಗ. ನಾಲ್ಕು ದಿನ ಜಡಿಮಳೆ ಹಿಡಿದರೆ ಇನ್ನೂ ಒಂದೆರಡು ಟನ್ ಸೇರಿಕೊಳ್ಳುತ್ತದೆ. ಇಷ್ಟರ ಕೆಳಗೆ ಆಯಿ ಇಷ್ಟು ವರ್ಷ ನಿದ್ದೆ ಮಾಡಿದ್ದಾಳೆ.

ತಪ್ಪಿದ್ದು ಇಲ್ಲೇ. ಹಾಕುವುದು ಪ್ರತಿ ವರ್ಷ ನಡೆಯಿತು, ತೆಗೆಯುವುದು ನಡೆಯಲಿಲ್ಲ. ಹಳೆಯ ಪದರ ಕೆರೆದು ತೆಗೆದು ಹೊಸದು ಹಾಕಬೇಕು. ಅದು ದುಬಾರಿ, ಮೈಮುರಿಯುವ ಕೆಲಸ. ಮೇಲೆ ಒಂದು ಬೆರಳು ಮಣ್ಣು ಎಳೆದುಬಿಡುವುದು ಸುಲಭ. ಒಂದು ವರ್ಷಕ್ಕೆ ಒಂದು ಬೆರಳು ಏನೂ ಅಲ್ಲ. ಐವತ್ತು ವರ್ಷಕ್ಕೆ ಅದು ಹದಿನಾಲ್ಕು ಟನ್. (ಹಳೆಯ ಕೋಡನ್ನು ತೆಗೆಯದೆ ಅದರ ಮೇಲೆಯೇ ಪ್ಯಾಚ್ ಹಾಕುವ ನಮ್ಮಂಥವರು ಇದಕ್ಕೆ ನಗುವ ಹಾಗಿಲ್ಲ.)

ಇದರ ಅತಿ ಭೀಕರ ಪಾಠ ಬಂದದ್ದು ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ. 1993ರ ಸೆಪ್ಟೆಂಬರ್ 30ರ ನಸುಕಿನ ನಾಲ್ಕು ಗಂಟೆಗೆ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪ. ತೀವ್ರತೆ 6.2. ಅಷ್ಟು ತೀವ್ರತೆಯ ಭೂಕಂಪಗಳು ಜಗತ್ತಿನಲ್ಲಿ ಪ್ರತಿ ವರ್ಷ ಆಗುತ್ತಲೇ ಇರುತ್ತವೆ. ಆದರೆ ಅಲ್ಲಿ ಸತ್ತವರು ಎಂಟರಿಂದ ಹತ್ತು ಸಾವಿರ ಜನ. ತಜ್ಞರು ಹೋಗಿ ನೋಡಿದಾಗ ಕಂಡದ್ದು: ಕಾಡುಗಲ್ಲು ಮತ್ತು ಮಣ್ಣಿನ ದಪ್ಪ ಗೋಡೆಗಳು, ಅವುಗಳ ಮೇಲೆ ವರ್ಷ ವರ್ಷ ಪೇರಿಸಿದ ಒಂದೂವರೆ ಎರಡು ಅಡಿ ದಪ್ಪದ ಮಣ್ಣಿನ ಮಾಳಿಗೆ. ಗೋಡೆ ಬಿಚ್ಚಿಕೊಂಡಿತು, ಮಾಳಿಗೆ ಮಲಗಿದ್ದವರ ಮೇಲೆ ಕುಳಿತಿತು. ಕಂಬ ತೊಲೆಗಳ ಗಟ್ಟಿ ಚೌಕಟ್ಟು ಇದ್ದ ಕೆಲವು ಮನೆಗಳಲ್ಲಿ ಗೋಡೆ ಹೊರಗೆ ಬಿದ್ದರೂ ಮಾಳಿಗೆ ನಿಂತಿತ್ತಂತೆ. ಆಗಿನ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ವಲಯದಲ್ಲಿ. "ನಮ್ಮ ಕಡೆ ಭೂಕಂಪ ಆಗೂದಿಲ್ಲ" ಅಂತ ಅಲ್ಲಿಯವರೂ ಹೇಳುತ್ತಿದ್ದಿರಬೇಕು.

ಭೂಕಂಪ ಬೇಡ, ಮಳೆಯೇ ಸಾಕು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಬಿದ್ದ ಮಳೆ ನಿಮಗೆ ನೆನಪಿರಬಹುದು. ನನಗಾಗ ಹನ್ನೆರಡು ವರ್ಷ. ಹಗಲು ರಾತ್ರಿ ಬಿಡದೆ ಸುರಿಯಿತು. ರಾಜ್ಯದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಲಕ್ಷಗಟ್ಟಲೆ ಮನೆಗಳಿಗೆ ಹಾನಿಯಾಯಿತು. ಗದಗ ಜಿಲ್ಲೆಯೂ ಅದರಲ್ಲಿತ್ತು. ರಾತ್ರಿ ದೂರದಲ್ಲಿ "ದಡ್" ಅಂತ ಒಂದು ಸದ್ದು, ಆಮೇಲೆ ಜನರ ಕೂಗು... ಯಾರದೋ ಮಾಳಿಗೆ ಇಳಿಯಿತು ಅಂತ ಅರ್ಥ. ಆ ಸದ್ದು ಇನ್ನೂ ಕಿವಿಯಲ್ಲಿದೆ. ಆಮೇಲೆ ಸಂತ್ರಸ್ತರಿಗೆ ಆಸರೆ ಯೋಜನೆಯ ಕಾಂಕ್ರೀಟ್ ಮನೆಗಳು ಬಂದವು. ಮಣ್ಣಿನ ಮಾಳಿಗೆ ಅಂದರೆ ಬಡತನ ಮತ್ತು ಸಾವು, ಸ್ಲ್ಯಾಬ್ ಅಂದರೆ ಭದ್ರ ಅನ್ನುವ ಮಾತು ಊರೂರಲ್ಲಿ ಗಟ್ಟಿಯಾಯಿತು.

ಹಾಗಾದರೆ ಸ್ಲ್ಯಾಬೇ ಸರಿಯೇ?

ಕಾಕಾನ ಮನೆ ಸ್ಲ್ಯಾಬಿನದು. ನಾನು ಎರಡು ಅಗ್ಗದ ಡಿಜಿಟಲ್ ಥರ್ಮಾಮೀಟರ್ ತಂದು ಮೇ ತಿಂಗಳ ಒಂದು ರಾತ್ರಿ ಒಂಬತ್ತಕ್ಕೆ ಎರಡೂ ಮನೆಯಲ್ಲಿ ಇಟ್ಟು ನೋಡಿದೆ. ಆಯಿಯ ಪಡಸಾಲೆ 31 ಡಿಗ್ರಿ. ಕಾಕಾನ ಬೆಡ್‌ರೂಮ್ 36. ಕಾಕಾ ಏನೂ ಮಾತಾಡದೆ ಹಾಸಿಗೆ ತಗೊಂಡು ಅಂಗಳಕ್ಕೆ ಹೋದರು :-)

ಇದರ ಹಿಂದಿನ ಲೆಕ್ಕ ಸುಲಭ. ಶಾಖವನ್ನು ದಾಟಿಸುವ ಗುಣ ಕಾಂಕ್ರೀಟಿಗೆ 1.5ಕ್ಕಿಂತ ಹೆಚ್ಚು, ಒಣ ಮಣ್ಣಿಗೆ ಅದರ ಅರ್ಧದಷ್ಟು, ಗಾಜಿನ ಉಣ್ಣೆಗೆ ಕೇವಲ 0.04 (ಎಲ್ಲ ಒಂದೇ ಮಾನದಲ್ಲಿ). ಸ್ಲ್ಯಾಬಿನ ದಪ್ಪ ನಾಲ್ಕೈದು ಇಂಚು. ಮಧ್ಯಾಹ್ನದ ಬಿಸಿಲು ಮೂರ್ನಾಲ್ಕು ತಾಸಿನಲ್ಲಿ ಕೆಳಗಿಳಿದು, ಸರಿಯಾಗಿ ನಾವು ಮಲಗುವ ಹೊತ್ತಿಗೆ ತಲೆಯ ಮೇಲೆ ಕೂರುತ್ತದೆ. ಅಡಿಗಟ್ಟಲೆ ದಪ್ಪದ ಮಣ್ಣಿನಲ್ಲಿ ಅದೇ ಬಿಸಿ ಇಳಿಯಲು ಒಂಬತ್ತು ಹತ್ತು ತಾಸು ಬೇಕು. ಅಷ್ಟರಲ್ಲಿ ಹೊರಗೆ ನಸುಕಿನ ತಂಪು ಬಂದಿರುತ್ತದೆ. ಮನೆಗಳಿಗಾಗಿ ಕೇಂದ್ರ ಸರಕಾರ 2018ರಲ್ಲಿ ಹೊರತಂದ ಇಕೋ ನಿವಾಸ್ ಸಂಹಿತೆ, ಚಾವಣಿಯ ಶಾಖ ದಾಟಿಸುವ ಮಾನ 1.2 ಮೀರಬಾರದು ಅನ್ನುತ್ತದೆ. ಬರಿಯ ಸ್ಲ್ಯಾಬಿನದು ಇದರ ಎರಡು ಮೂರು ಪಟ್ಟು. ನಮ್ಮ ಹದಿನೆಂಟು ಇಂಚಿನ ಮಣ್ಣು? ನಾನು ಲೆಕ್ಕ ಹಾಕಿದ ಪ್ರಕಾರ ಹೆಚ್ಚೂಕಡಿಮೆ ಗಡಿಯ ಮೇಲೆ ಪಾಸು!

ಅಂದರೆ ಅಜ್ಜ ಪೇರಿಸಿದ್ದೇ ತಂಪು, ಅಜ್ಜ ಪೇರಿಸಿದ್ದೇ ಅಪಾಯ. ಎರಡೂ ಒಂದೇ ಮಣ್ಣು.

ಹೊರಗಿನವರು ಏನು ಮಾಡಿದರು?

ಅಮೆರಿಕದಲ್ಲಿರುವ ನನ್ನ ಗೆಳೆಯನೊಬ್ಬ ಇದೇ ಸಮಯದಲ್ಲಿ ಇದೇ ತಲೆಬಿಸಿಯಲ್ಲಿದ್ದ. ಅವನದು ಚಳಿಯ ಊರು, ಅಟ್ಟಕ್ಕೆ ಗಾಜಿನ ಉಣ್ಣೆ ಹಾಸಬೇಕು. ನಾನೇ ಮಾಡಲೋ, ಕಂಪನಿಗೆ ಕೊಡಲೋ? ಅಲ್ಲಿ ಈ ಪ್ರಶ್ನೆ ಮನೆಮನೆಯದಾಗಿದ್ದು 1973ರ ತೈಲ ಬಿಕ್ಕಟ್ಟಿನ ಮೇಲೆ. 1978ರಲ್ಲಿ ಸರಕಾರ ಇಂಥ ಖರ್ಚಿಗೆ ತೆರಿಗೆ ರಿಯಾಯಿತಿಯನ್ನೂ ಕೊಟ್ಟಿತು. ಬಹಳ ಜನ ಚೀಲ ತಂದು ತಾವೇ ಅಟ್ಟಕ್ಕೆ ಸುರಿದುಕೊಂಡರು. ಹಾಗೆ ಸುರಿದ ವಸ್ತುಗಳಲ್ಲಿ ಒಂದು ವರ್ಮಿಕ್ಯುಲೈಟ್. ಅದು ಹೆಚ್ಚಾಗಿ ಬಂದದ್ದು ಮೊಂಟಾನಾದ ಲಿಬ್ಬಿ ಎಂಬ ಊರಿನ ಗಣಿಯಿಂದ. ಆ ಗಣಿಯ ಅದಿರಿನಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್ ಬೆರೆತಿತ್ತು. ಗಣಿ 1990ರಲ್ಲಿ ಮುಚ್ಚಿತು. ಆದರೆ ಅಟ್ಟಗಳಲ್ಲಿ ಸುರಿದದ್ದು ಎಷ್ಟೋ ಮನೆಗಳಲ್ಲಿ ಹಾಗೆಯೇ ಉಳಿಯಿತು. ತಾನೇ ಮಾಡಿದವನಿಗೆ ತಾನು ಏನನ್ನು ಸುರಿಯುತ್ತಿದ್ದೇನೆ ಅಂತ ಗೊತ್ತಿರಲಿಲ್ಲ.

ಹಾಗಾದರೆ ಕಸುಬಿನವರಿಗೇ ಕೊಟ್ಟುಬಿಡೋಣ ಅನ್ನುತ್ತೀರಾ? ಆಸ್ಟ್ರೇಲಿಯಾ ಹಾಗೆಯೇ ಮಾಡಿತು. 2009ರಲ್ಲಿ ಅಲ್ಲಿನ ಸರಕಾರ ಮನೆಗಳ ಅಟ್ಟಕ್ಕೆ ಶಾಖ ತಡೆ ಹಾಕಿಸುವ ದೊಡ್ಡ ಯೋಜನೆ ತಂದಿತು. ಹಣ ಸರಕಾರದ್ದು, ಕೆಲಸ ಕಂಪನಿಗಳದ್ದು. ರಾತ್ರೋರಾತ್ರಿ ಹೊಸ ಹೊಸ ಕಂತ್ರಾಟದಾರರು ಹುಟ್ಟಿದರು. ಹತ್ತು ಲಕ್ಷಕ್ಕೂ ಹೆಚ್ಚು ಮನೆಗಳ ಕೆಲಸ ಮುಗಿಯಿತು. ಆದರೆ ತರಬೇತಿ ಸಾಲದ ನಾಲ್ವರು ಎಳೆ ಹುಡುಗರು ಆ ಅಟ್ಟಗಳಲ್ಲಿ ಸತ್ತರು, ಮೂವರು ವಿದ್ಯುತ್ ತಗುಲಿ, ಒಬ್ಬ ಬಿಸಿಗೆ. 2010ರ ಫೆಬ್ರವರಿಯಲ್ಲಿ ಯೋಜನೆಯೇ ನಿಂತಿತು. ಮುಂದೆ ರಾಯಲ್ ಕಮಿಷನ್ ವಿಚಾರಣೆಯೂ ಆಯಿತು. ಕಾಸು ತೆಗೆದುಕೊಂಡವರೆಲ್ಲ ಕಸುಬು ಬಲ್ಲವರಲ್ಲ.

ನನಗೆ ಬಹಳ ಹಿಡಿಸಿದ್ದು ಈಜಿಪ್ಟಿನ ಹಸನ್ ಫಾತಿಯ ಕಥೆ. ದೊಡ್ಡ ವಾಸ್ತುಶಿಲ್ಪಿ. 1940ರ ದಶಕದ ಆರಂಭದಲ್ಲಿ ಯುದ್ಧದಿಂದಾಗಿ ಮರ, ಉಕ್ಕು ಸಿಗದಾಗ, ಬರಿ ಮಣ್ಣಿನ ಇಟ್ಟಿಗೆಯಿಂದ ಕಮಾನು ಚಾವಣಿ ಕಟ್ಟಲು ಹೋದ. ಕಟ್ಟಿದ್ದೆಲ್ಲ ಕುಸಿದು ಬಿತ್ತು. ಆಮೇಲೆ ಆಸ್ವಾನಿನ ಕಡೆ ಹೋಗಿ ನೋಡಿದರೆ, ಅಲ್ಲಿನ ನುಬಿಯನ್ ಗೌಂಡಿಗಳು ಕೆಳಗೆ ಒಂದು ಆಸರೆಯನ್ನೂ ಕೊಡದೆ ಅದೇ ಕಮಾನನ್ನು ಸಲೀಸಾಗಿ ಕಟ್ಟುತ್ತಿದ್ದರು. ಅವರನ್ನು ಕರೆದುಕೊಂಡು ಬಂದ, ಅವರಿಂದ ಕಲಿತ. ಡಿಗ್ರಿ ಇದ್ದವನು ಕಸುಬುದಾರನ ಮುಂದೆ ಕೂತು ಕಲಿತದ್ದು ಆ ಕಥೆಯ ಜೀವ.

ನಾವು ಏನು ಮಾಡಿದೆವು?

ಮೊದಲು ಕಾಕಾ ಹೇಳಿದ ಕಂತ್ರಾಟದಾರರು ಬಂದರು. ಅಂಗಳದಲ್ಲಿ ನಿಂತು ಕತ್ತೆತ್ತಿ ನೋಡಿ, "ಎಲ್ಲಾ ಕೆಡವಿ ಸ್ಲ್ಯಾಬ್ ಹಾಕೂಣ್ರಿ, ಎರಡು ತಿಂಗಳ ಕೆಲಸ" ಅಂದರು. ಗೋಡೆ ಮಣ್ಣಿನದು, ಸ್ಲ್ಯಾಬ್ ಹೊರುತ್ತದೆಯೇ, ಕಾಲಮ್ ಬೇಡವೇ ಅಂತ ಕೇಳಿದೆ. "ಏನೂ ಆಗಂಗಿಲ್ರಿ" ಅಂದರು. ಮೇಲೆ ಹತ್ತಲಿಲ್ಲ, ಜಂತಿ ಮುಟ್ಟಲಿಲ್ಲ. ಚಹಾ ಕುಡಿದು ಹೋದರು.

ಆಮೇಲೆ ನನ್ನ ಕ್ಲಾಸ್‌ಮೇಟ್ ಒಬ್ಬ ಸಿವಿಲ್ ಇಂಜಿನಿಯರ್ ಬಂದ. ಪ್ರತಿ ಜಂತಿಯನ್ನೂ ಸುತ್ತಿಗೆಯಿಂದ ತಟ್ಟಿ ಸದ್ದು ಕೇಳಿದ. ಜೊತೆಗೆ ಅಪ್ಪ ಪಕ್ಕದ ಊರಿನಿಂದ ಎಪ್ಪತ್ತು ದಾಟಿದ ಒಬ್ಬ ಗೌಂಡಿಯನ್ನು ಕರೆಸಿದರು. ಈ ಅಜ್ಜ ಕೆಳಗೆ ನಿಲ್ಲದೆ ನೇರ ಏಣಿ ಹತ್ತಿದ. ಅಗೆದ ಜಾಗದಲ್ಲಿ ಕೈ ಹಾಕಿ ಮಣ್ಣು ತೆಗೆದು ಮೂಸಿ ನೋಡಿದ. ಆಮೇಲೆ ಇನ್ನೂ ಒಳಗೆ ಕೈ ಹಾಕಿ, ನೀಲಿ ಬಣ್ಣದ ಒಂದು ಚೂರು ಎಳೆದು ಹಿಡಿದು ಕೇಳಿದ: "ಇದನ್ಯಾರು ಹಾಕಿದವ್ರು?"

ತಾಡಪಾಲು. ಹಾಕಿದವನು ನಾನು.

ಎರಡು ವರ್ಷದ ಹಿಂದೆ, ಅಪ್ಪನಿಗೆ ಪ್ರತಿ ವರ್ಷ ಮಣ್ಣು ಹೊರುವ ಕಷ್ಟ ತಪ್ಪಿಸೋಣ ಅಂತ, ಒಂದು ವಿಡಿಯೋ ನೋಡಿ, ಮೇಲಿನ ಮಣ್ಣು ಸರಿಸಿ ತಾಡಪಾಲು ಹಾಸಿ ಮತ್ತೆ ಮಣ್ಣು ಮುಚ್ಚಿದ್ದೆ. ಬಹಳ ಜಾಣತನ ಮಾಡಿದೆ ಅಂತ ಆಫೀಸಿನಲ್ಲಿ ಹೇಳಿಕೊಂಡೂ ಇದ್ದೆ. ಕುಂಬಿಯ ಬದಿಯಿಂದ ಒಳಹೊಕ್ಕ ನೀರು ತಾಡಪಾಲಿನ ಕೆಳಗೆ ಸೇರಿತು. ಬಿಸಿಲು ಬಂದರೂ ಮೇಲೆ ಆರಿಹೋಗಲು ದಾರಿ ಇರಲಿಲ್ಲ. ಮೂವತ್ತು ನಲವತ್ತು ವರ್ಷ ಒಣಗಿ ಗಟ್ಟಿಯಾಗಿದ್ದ ಜಂತಿ ಎರಡು ಮಳೆಗಾಲ ಹಸಿಯಲ್ಲಿ ನೆನೆಯಿತು, ಗೆದ್ದಲು ಹಿಡಿಯಿತು. ಭಾರ ಅಜ್ಜನದು. ಆದರೆ ಜಂತಿಯನ್ನು ಕೊಂದದ್ದು ನನ್ನ ತಾಡಪಾಲು.

"ಮಣ್ಣ ಉಸಿರಾಡ್ತೇತಿ ತಮ್ಮಾ. ಬಾಯಿ ಕಟ್ಟಬಾರ್ದು" ಅಂದ ಅಜ್ಜ. ಅಪ್ಪ ಏನೂ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಬುದ್ಧಿ ಬಂತು ಅಂದುಕೊಳ್ಳಬೇಡಿ. ಮುಂದಿನ ವಾರವೇ ಸವಳು ಮಣ್ಣಿಗೆ ಒಂದಷ್ಟು ಸುಣ್ಣ ಬೆರೆಸೋಣ, ಗಟ್ಟಿಯಾಗುತ್ತದೆ ಅಂದೆ. ಗೌಂಡಿ ಅಜ್ಜ ತಲೆಯಾಡಿಸಿದ. "ಸುಣ್ಣ ಬಿದ್ರ ಸವಳಿನ ಗುಣ ಹೊಕ್ಕೇತಿ." ರಾತ್ರಿ ಕೂತು ಓದಿದೆ. ಸವಳು ಹೊಲ ಸುಧಾರಿಸಲು ರೈತರು ಜಿಪ್ಸಂ ಹಾಕುವುದು ಅದರ ಕ್ಯಾಲ್ಸಿಯಂಗಾಗಿ. ಕ್ಯಾಲ್ಸಿಯಂ ಬಂದರೆ ಚದುರಿದ ಜೇಡಿ ಕಣಗಳು ಮತ್ತೆ ಗುಂಪುಗೂಡಿ, ನೀರು ಇಂಗಲು ದಾರಿಯಾಗುತ್ತದೆ. ಸುಣ್ಣದಲ್ಲಿರುವುದೂ ಅದೇ ಕ್ಯಾಲ್ಸಿಯಂ. ಅಜ್ಜ ಹೇಳಿದ್ದು ಒಂದೇ ಸಾಲು, ನಾನು ಓದಿದ್ದು ಹತ್ತು ಪುಟ, ಎರಡರ ಅರ್ಥವೂ ಒಂದೇ.

ಕೊನೆಗೆ ತೀರ್ಮಾನ ಹೀಗಾಯಿತು:

ಹೊರುವ ಭಾಗವನ್ನು ಕಸುಬಿನವರಿಗೆ ಕೊಟ್ಟೆವು. ಕೆಟ್ಟ ಮೂರು ಜಂತಿ ಬಡಿಗೇರರು ಬದಲಿಸಿದರು. ಒಂದು ತೊಲೆಗೆ ಹೊಸ ಕಂಬ ಬಂತು. ಮಣ್ಣು ತೆಗೆಯುವಾಗ ಒಂದೇ ಕಡೆ ಖಾಲಿ ಮಾಡದೆ, ಭಾರ ಸಮನಾಗಿ ಇಳಿಯುವಂತೆ ಎರಡೂ ಬದಿಯಿಂದ ಪದರ ಪದರವಾಗಿ ತೆಗೆಸಿದ್ದು ಗೌಂಡಿ ಅಜ್ಜ ಮತ್ತು ನನ್ನ ಗೆಳೆಯ ಸೇರಿ. ಹದಿನೆಂಟು ಇಂಚಿನಲ್ಲಿ ಒಂಬತ್ತು ಇಂಚು ಇಳಿಯಿತು. ಏಳು ಟನ್‌ಗಿಂತ ಹೆಚ್ಚು ಮಣ್ಣು, ಟ್ರ್ಯಾಕ್ಟರ್‌ಗಟ್ಟಲೆ.

ಹೊದಿಸುವ ಭಾಗ ನಮ್ಮದು. ಸವಳು ಮಣ್ಣು ತಂದು, ಜರಡಿ ಹಿಡಿದು, ಇಳಿಜಾರು ನೋಡಿ ಹರಡಿ ಬಡಿದದ್ದು ಅಪ್ಪ, ಕಾಕಾ, ನಾನು. (ಹೌದು, ಕಾಕಾನೂ. ಥರ್ಮಾಮೀಟರಿನ ಪ್ರಭಾವ.) ಭಾರ ಇಳಿಸಿದಷ್ಟು ತಂಪೂ ಸ್ವಲ್ಪ ಇಳಿಯುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಅದಕ್ಕಾಗಿ ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ನರ್ಸರಿಯವರು ಕಟ್ಟುವಂಥ ಹಸಿರು ನೆರಳು ಬಲೆ ಕಟ್ಟುವುದು ಅಂತ ಆಯಿತು. ಬಿಸಿಲು ಮಣ್ಣಿಗೆ ಬೀಳುವ ಮೊದಲೇ ತಡೆದರೆ ಅರ್ಧ ಕೆಲಸ ಮುಗಿದ ಹಾಗೆ. ಮುಖ್ಯವಾಗಿ, ಒಂದು ನಿಯಮ ಬರೆದು ಪಡಸಾಲೆಯ ಗೋಡೆಗೆ ಅಂಟಿಸಿದ್ದೇನೆ: ಒಂದು ಬುಟ್ಟಿ ಹಾಕುವ ಮೊದಲು ಒಂದು ಬುಟ್ಟಿ ತೆಗೆಯಬೇಕು.

ಇದನ್ನು ಓದಿ ಯಾರೂ ತಮ್ಮ ಹಳೆಯ ಮಾಳಿಗೆಯ ಮೇಲೆ ಗುದ್ದಲಿ ಹಿಡಿದು ಹತ್ತಬೇಡಿ. ಮೊದಲು ಮೇಲೆ ಹತ್ತಿ, ಕೆಳಗೆ ಬಗ್ಗಿ, ಮುಟ್ಟಿ ನೋಡುವ ಒಬ್ಬರನ್ನು ಕರೆಸಿ. ಅಂಗಳದಲ್ಲಿ ನಿಂತೇ ರೇಟು ಹೇಳುವವರಿಗೆ ಚಹಾ ಕೊಟ್ಟು ಕಳಿಸಿ.

ಮೊದಲ ದೊಡ್ಡ ಮಳೆ ಬಂದ ರಾತ್ರಿ ನಾನು ಬೆಂಗಳೂರಿನಲ್ಲಿದ್ದೆ. ನಿದ್ದೆ ಬರಲಿಲ್ಲ. ಹನ್ನೊಂದು ಗಂಟೆಗೆ ಫೋನ್ ಮಾಡಿದೆ. ಆಯಿಯೇ ಎತ್ತಿದಳು. "ಸೋರಾಕತ್ತೇತೇನ ಆಯೀ?" ಅಂದೆ.

"ಇಲ್ಲ ಬಿಡು. ಮಲಗಾಕ ಹತ್ತಿದ್ದೆ, ಎಬ್ಬಿಸಿದಿ" ಅಂತ ಬೈದು ಫೋನ್ ಇಟ್ಟಳು.

ಅಗೆದಾಗ ಸಿಕ್ಕ ಆ ಕೆಂಪು ಪದರದ ಒಂದು ಹೆಂಟೆಯನ್ನು ಅಪ್ಪ ದೇವರ ಮಾಡದ ಪಕ್ಕ ತೆಗೆದಿಟ್ಟಿದ್ದಾರೆ. ಯಾಕೆ ಅಂತ ನಾನು ಕೇಳಿಲ್ಲ.

ನಿಮ್ಮ ಕಡೆ ಹಳೆಯ ಮನೆಯ ಚಾವಣಿ ಯಾವುದರದು? ಮಣ್ಣೋ, ಹೆಂಚೋ, ಹುಲ್ಲೋ, ಕಡಪಾ ಕಲ್ಲೋ? ಮಳೆಗಾಲಕ್ಕೆ ಮುಂಚೆ ಮೇಲೆ ಹತ್ತುತ್ತಿದ್ದವರು ಯಾರು? ನೆನಪಿದ್ದರೆ ಬರೆಯಿರಿ. ಹತ್ತುತ್ತಿದ್ದವರು ಇನ್ನೂ ಇದ್ದರೆ, ಬರೆಯುವ ಮೊದಲು ಅವರನ್ನು ಒಮ್ಮೆ ಕೇಳಿಬಿಡಿ.